ಜರ್ಮನಿಯಲ್ಲಿ ಕಾರು ಓಡಿಸಲು: ಆರ್‌ಟಿಒ ಪರ್ಮಿಟ್‌ನಿಂದ ಅಲ್ಲಿಯ ಲೈಸೆನ್ಸ್‌ವರೆಗೆ

ಕೆಲಸಕ್ಕೋ ಓದಿಗೋ ಜರ್ಮನಿಗೆ ಹೊರಟವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನಮ್ಮ ಡಿಎಲ್ ಅಲ್ಲಿ ನಡೆಯುತ್ತದಾ? ನಡೆಯುತ್ತದೆ, ಆರು ತಿಂಗಳು. ಆಮೇಲೆ ಇಲ್ಲ. ಆರ್‌ಟಿಒದಲ್ಲಿ ಮಾಡಿಸಿಕೊಂಡ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮೇಲೆ ಒಂದು ವರ್ಷದ ಅವಧಿ ಅಚ್ಚಾಗಿದ್ದರೂ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಆ ಪರ್ಮಿಟ್ಟಿಗೆ, ಎಂದರೆ ಐಡಿಪಿಗೆ, ತನ್ನದೇ ಆದ ಬಲವಿಲ್ಲ. ನಿಮ್ಮ ಡಿಎಲ್‌ನಲ್ಲಿ ಏನಿದೆ ಎಂದು ಹೊರದೇಶದ ಪೊಲೀಸರಿಗೆ ಅವರ ಭಾಷೆಯಲ್ಲಿ ಹೇಳುವ ಪುಸ್ತಿಕೆ ಅದು, ಅಷ್ಟೇ. ಡಿಎಲ್‌ಗೆ ಆ ದೇಶದಲ್ಲಿ ಮಾನ್ಯತೆ ಮುಗಿದ ದಿನ ಪುಸ್ತಿಕೆಯ ಕೆಲಸವೂ ಮುಗಿಯಿತು.

ಜರ್ಮನಿಯ ಚಾಲನಾ ಪರವಾನಗಿ ನಿಯಮಾವಳಿಯ 29ನೇ ಕಲಂ ಈ ಲೆಕ್ಕವನ್ನು ಹೇಳುತ್ತದೆ. ಅಲ್ಲಿ ಮನೆ ಮಾಡದೆ ಸುತ್ತಾಡಲು ಬಂದವರು ಡಿಎಲ್ ಜೊತೆ ಐಡಿಪಿ ಅಥವಾ ಜರ್ಮನ್ ಅನುವಾದ ಇಟ್ಟುಕೊಂಡು ಓಡಿಸಬಹುದು. ವಾಸ ಹೂಡಿದವರಿಗೆ ಆ ದಿನದಿಂದ ಆರು ತಿಂಗಳು. ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುತ್ತೀರಲ್ಲ, ಆನ್‌ಮೆಲ್ಡುಂಗ್ ಅನ್ನುತ್ತಾರೆ, ಗಡಿಯಾರ ಓಡಲು ಶುರುವಾಗುವುದು ಸಾಮಾನ್ಯವಾಗಿ ಆ ದಿನಾಂಕದಿಂದ. ಒಟ್ಟು ವಾಸವೇ ಹನ್ನೆರಡು ತಿಂಗಳು ಮೀರುವುದಿಲ್ಲ ಎಂದು ಕಾಗದಪತ್ರ ತೋರಿಸಿ ಒಪ್ಪಿಸಿದರೆ ಲೈಸೆನ್ಸ್ ಕಚೇರಿ ಇನ್ನು ಆರು ತಿಂಗಳವರೆಗೆ ವಿಸ್ತರಿಸಬಹುದು. ಒಂದು ವರ್ಷದ ಪ್ರಾಜೆಕ್ಟ್ ಮೇಲೆ ಬಂದವರಿಗೆ ಇದು ಉಪಯೋಗ. ವಾಸವನ್ನು ಮುಂದುವರಿಸುವ ಯೋಚನೆ ಇರುವವರಿಗೆ ಅಲ್ಲ.

ಅವಧಿ ಮೀರಿ ಓಡಿಸಿದರೆ ದಂಡ ಕಟ್ಟಿ ಬರುವ ವಿಷಯವಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದ್ದು ಎಂದೇ ಲೆಕ್ಕ. ಅಲ್ಲಿ ಅದು ಕ್ರಿಮಿನಲ್ ಅಪರಾಧ. ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಎನ್ನುತ್ತದೆ ಕಾನೂನು. ನಡುವೆ ಅಪಘಾತವಾದರೆ ವಿಮೆ ಕಂಪನಿ ಎದುರಿನವರಿಗೆ ಕೊಟ್ಟ ಪರಿಹಾರದಲ್ಲಿ ಒಂದು ಪಾಲನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು.

ಇನ್ನೆರಡು ಬಗೆಯ ಡಿಎಲ್ ಅಲ್ಲಿ ಮೊದಲ ದಿನದಿಂದಲೇ ನಡೆಯದು. ಒಂದು ಎಲ್‌ಎಲ್‌ಆರ್. ಇನ್ನೊಂದು, ಜರ್ಮನಿಯಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಬಂದು ಮಾಡಿಸಿಕೊಂಡ ಡಿಎಲ್. ಎರಡನೆಯದನ್ನು ಹಲವರು ಜಾಣತನ ಅಂದುಕೊಳ್ಳುತ್ತಾರೆ. ಡಿಎಲ್ ಕೊಟ್ಟ ದಿನಾಂಕ, ವಿಳಾಸ ನೋಂದಾಯಿಸಿದ ದಿನಾಂಕ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗುಮಾಸ್ತರಿಗೆ ಒಂದು ನಿಮಿಷದ ಕೆಲಸ.

ಬೆಂಗಳೂರು ಬಿಡುವ ಮೊದಲು

ಐಡಿಪಿ ಬೇಡವೇ ಬೇಡ ಎಂದೇನಲ್ಲ. ಮೊದಲ ಆರು ತಿಂಗಳಿಗೆ ಅದು ಅನುವಾದದ ಖರ್ಚು ಉಳಿಸುತ್ತದೆ. ಬಾಡಿಗೆ ಕಾರಿನ ಕೌಂಟರಿನಲ್ಲಿ ಮೊದಲು ಕೇಳುವುದೂ ಅದನ್ನೇ. ಭಾರತ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಐಡಿಪಿ ಕೊಡುತ್ತದೆ. ಜರ್ಮನಿಯ ನಿಯಮ 1926, 1949, 1968ರ ಮೂರೂ ಒಪ್ಪಂದಗಳ ಪುಸ್ತಿಕೆಗಳನ್ನು ಹೆಸರಿಸಿ ಒಪ್ಪುತ್ತದೆ. ಆದ್ದರಿಂದ 'ನಮ್ಮದು ಹಳೆಯ ಒಪ್ಪಂದದ್ದು, ಅಲ್ಲಿ ನಡೆಯಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅರ್ಜಿ ಕೇಂದ್ರ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ, ಡಿಎಲ್ ಸೇವೆಗಳ ಕೆಳಗೆ. ನಮೂನೆ 4ಎ, ಶುಲ್ಕ 1,000 ರೂಪಾಯಿ. ಡಿಎಲ್, ಪಾಸ್‌ಪೋರ್ಟ್, ಫೋಟೋ, ವಿಳಾಸದ ದಾಖಲೆ ಬೇಕು. 2021ರ ಜನವರಿಯ ತಿದ್ದುಪಡಿಯ ನಂತರ ವೈದ್ಯಕೀಯ ಪ್ರಮಾಣಪತ್ರವಾಗಲಿ ವೀಸಾ ಆಗಲಿ ಬೇಕಿಲ್ಲ. ಇಳಿದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೋಗುವವರು, ಕೊನೇ ಗಳಿಗೆಯಲ್ಲಿ ವೀಸಾ ಸಿಗುವವರು ಪಡುತ್ತಿದ್ದ ಪಾಡು ಅದರಿಂದ ತಪ್ಪಿತು. ಅಲ್ಲಿದ್ದಾಗಲೇ ಐಡಿಪಿ ಅವಧಿ ಮುಗಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಮತ್ತೆ ಅರ್ಜಿ ಹಾಕಲು ದಾರಿ ಮಾಡಿಕೊಟ್ಟಿದ್ದೂ ಅದೇ ತಿದ್ದುಪಡಿ. 2022ರ ಆಗಸ್ಟ್ ಅಧಿಸೂಚನೆಯಿಂದ ಪುಸ್ತಿಕೆಯ ಅಳತೆ, ಬಣ್ಣ, ವಿನ್ಯಾಸ ಎಲ್ಲ ರಾಜ್ಯಗಳಲ್ಲೂ ಒಂದೇ ಆಗಿದೆ. ಡಿಎಲ್ ಜೊತೆ ತಾಳೆ ನೋಡಲು ಕ್ಯೂಆರ್ ಕೋಡ್ ಕೂಡ ಬಂದಿದೆ. ಅವಧಿ ಒಂದು ವರ್ಷ. ಅದಕ್ಕೆ ಮೊದಲೇ ಡಿಎಲ್ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ.

ಅರ್ಜಿ ಸಿಕ್ಕಿಕೊಳ್ಳುವ ಜಾಗಗಳು ಎರಡು. ಸಾರಥಿಯ ಒಟಿಪಿ ಹೋಗುವುದು ಡಿಎಲ್ ಮಾಡಿಸಿದ ಕಾಲದ ಮೊಬೈಲ್ ನಂಬರಿಗೆ; ಆ ನಂಬರು ಕೈಬಿಟ್ಟಿದ್ದರೆ ಮೊದಲು ನಂಬರ್ ಬದಲಾವಣೆ, ಆಮೇಲೆ ಉಳಿದದ್ದು. ಎರಡನೆಯದು ಹಳೇ ಪುಸ್ತಕದ ರೂಪದ ಡಿಎಲ್. ಅದರ ದಾಖಲೆ ಕಂಪ್ಯೂಟರಿಗೆ ಏರಿರದಿದ್ದರೆ ಸಾರಥಿಗೆ ನೀವು ಡ್ರೈವರೇ ಅಲ್ಲ. ಡಿಎಲ್ ಕೊಟ್ಟ ಆರ್‌ಟಿಒಗೇ ಹೋಗಿ ಏರಿಸಿಕೊಳ್ಳಬೇಕು. ಶಿವಮೊಗ್ಗದಲ್ಲಿ ಮಾಡಿಸಿ ಬೆಂಗಳೂರಿನಲ್ಲಿ ಇರುವವರು ಇದಕ್ಕೆ ಒಂದು ವಾರವನ್ನಾದರೂ ಬೇರೆ ಇಟ್ಟುಕೊಳ್ಳಿ. ವಿಮಾನದ ಹಿಂದಿನ ದಿನ ಆಗುವ ಕೆಲಸವಲ್ಲ.

ಐಡಿಪಿಗಿಂತ ಮುಖ್ಯವಾದ ಮೂರು ಕೆಲಸಗಳಿವೆ. ಅವನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲನೆಯದು ಡಿಎಲ್ ನವೀಕರಣ. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಈಗಲೇ ನವೀಕರಿಸಬಹುದು, ನವೀಕರಿಸಿಯೇ ಹೊರಡಿ. ಜರ್ಮನಿಯಲ್ಲಿ ಲೈಸೆನ್ಸ್ ಬದಲಾವಣೆಗೆ ಅರ್ಜಿ ಹಾಕುವಾಗ ಭಾರತದ ಡಿಎಲ್ ಚಾಲ್ತಿಯಲ್ಲಿರಬೇಕು. ಮುಗಿದಿದ್ದರೆ ಹೊಸಬರ ಸಾಲಿಗೆ ಸೇರುತ್ತೀರಿ: ತೊಂಬತ್ತು ನಿಮಿಷದ 14 ತರಗತಿ, ಜೊತೆಗೆ ಊರ ಹೊರಗಿನ ರಸ್ತೆ, ಔಟೋಬಾನ್ ಎಂಬ ವೇಗದ ಹೆದ್ದಾರಿ, ರಾತ್ರಿ ಎಂದು ಕಡ್ಡಾಯದ 12 ವಿಶೇಷ ಪಾಠ. ಖರ್ಚು ಎರಡು ಮೂರು ಪಟ್ಟಾಗುವುದು ಇದರಿಂದ.

ಎರಡನೆಯದು ಹೆಸರು. ನಮ್ಮಲ್ಲಿ ಡಿಎಲ್ ಮೇಲೆ 'ಮಂಜುನಾಥ ಆರ್', ಪಾಸ್‌ಪೋರ್ಟಿನಲ್ಲಿ 'ಮಂಜುನಾಥ ರಾಮಚಂದ್ರ' ಇರುವುದು ತೀರ ಸಾಮಾನ್ಯ. ಇನಿಷಿಯಲ್ ಎಂಬುದನ್ನೇ ಕಾಣದ ಜರ್ಮನ್ ಗುಮಾಸ್ತರಿಗೆ ಇವರು ಇಬ್ಬರು ಬೇರೆ ಮನುಷ್ಯರು. ಡಿಎಲ್‌ನಲ್ಲಿ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಿಕೊಳ್ಳುವುದು ಊರಲ್ಲಿದ್ದಾಗ ಸುಲಭ. ಅಲ್ಲಿಂದ ಮಾಡಿಸಲು ಹೊರಟರೆ ತಿಂಗಳುಗಳೇ ಬೇಕು.

ಮೂರನೆಯದು ಡಿಎಲ್ ಎಕ್ಸ್‌ಟ್ರಾಕ್ಟ್. ಸಾರಥಿಯಲ್ಲೇ ಅರ್ಜಿ ಹಾಕಿ ಪಡೆಯಬಹುದಾದ ಈ ಕಾಗದದಲ್ಲಿ ನಿಮಗೆ ಯಾವ ವರ್ಗದ ಗಾಡಿಗೆ ಎಂದಿನಿಂದ ಪರವಾನಗಿ ಇದೆ ಎಂಬ ವಿವರವಿರುತ್ತದೆ. ಜರ್ಮನಿಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಎರಡು ವರ್ಷದ ಪರೀಕ್ಷಾವಧಿ ಇರುತ್ತದೆ. ಆ ಅವಧಿಯಲ್ಲಿ ಒಂದು ತೊಟ್ಟು ಮದ್ಯ ಕುಡಿದು ಓಡಿಸುವಂತಿಲ್ಲ. ದೊಡ್ಡ ತಪ್ಪು ಮಾಡಿದರೆ ಮತ್ತೆ ಎರಡು ವರ್ಷ ಸೇರುತ್ತದೆ, ದುಬಾರಿ ತರಗತಿಯೂ ಬೀಳುತ್ತದೆ. ಭಾರತದ ಡಿಎಲ್ ಸಿಕ್ಕ ದಿನದಿಂದ ಕಳೆದ ಕಾಲವನ್ನು ಈ ಎರಡು ವರ್ಷದಲ್ಲಿ ಕಳೆಯುತ್ತಾರೆ. ಎರಡು ವರ್ಷಕ್ಕಿಂತ ಹಳೆಯ ಡಿಎಲ್ ಇದ್ದವರಿಗೆ ಪರೀಕ್ಷಾವಧಿಯೇ ಇಲ್ಲ. ಆದರೆ ನವೀಕರಿಸಿದ ಕಾರ್ಡಿನಲ್ಲಿ ಮೊದಲ ದಿನಾಂಕ ಸ್ಪಷ್ಟವಾಗಿ ಕಾಣದಿದ್ದರೆ ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದು. ಆಗ ಕೈಗೆ ಬರುವುದು ಈ ಎಕ್ಸ್‌ಟ್ರಾಕ್ಟ್.

ಅರ್ಜಿ

ಭಾರತದ ಲೈಸೆನ್ಸನ್ನು ಜರ್ಮನ್ ಲೈಸೆನ್ಸಾಗಿ ಬದಲಿಸುವುದಕ್ಕೆ ಉಮ್‌ಶ್ರೈಬುಂಗ್ ಎನ್ನುತ್ತಾರೆ. ಕೆಲವು ದೇಶಗಳವರು ಕಾರ್ಡು ಕೊಟ್ಟು ಕಾರ್ಡು ತೆಗೆದುಕೊಂಡು ಹೋಗುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಮಗೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಉಂಟು. ವಿನಾಯಿತಿ ಇರುವುದು ಕಡ್ಡಾಯ ತರಗತಿಗಳಿಂದ, ಕಡ್ಡಾಯ ವಿಶೇಷ ಪಾಠಗಳಿಂದ ಮಾತ್ರ. ಕೆಲವು ಡ್ರೈವಿಂಗ್ ಸ್ಕೂಲುಗಳು ಇದನ್ನು ಹೇಳದೆ ಪೂರ್ತಿ ಪ್ಯಾಕೇಜನ್ನೇ ಮುಂದಿಡುತ್ತವೆ. ಮೊದಲ ಮಾತಿನಲ್ಲೇ 'ಉಮ್‌ಶ್ರೈಬುಂಗ್' ಎಂಬ ಪದ ಬಳಸಿ, ದರಪಟ್ಟಿಯನ್ನು ಬರಹದಲ್ಲಿ ಕೇಳಿ.

ಅರ್ಜಿ ಹಾಕುವುದು ನಿಮ್ಮ ವಿಳಾಸ ಇರುವ ನಗರದ ಅಥವಾ ಜಿಲ್ಲೆಯ ಲೈಸೆನ್ಸ್ ಕಚೇರಿಯಲ್ಲಿ. ಒಯ್ಯಬೇಕಾದದ್ದು: ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ, ವಿಳಾಸ ನೋಂದಣಿಯ ಪತ್ರ, 35×45 ಮಿಲಿಮೀಟರಿನ ಬಯೋಮೆಟ್ರಿಕ್ ಫೋಟೋ, ಮೂಲ ಡಿಎಲ್, ಅದರ ಜರ್ಮನ್ ಅನುವಾದ, ಕಣ್ಣಿನ ಪರೀಕ್ಷೆಯ ಪತ್ರ, ಪ್ರಥಮ ಚಿಕಿತ್ಸಾ ತರಬೇತಿಯ ಪತ್ರ, ನೀವು ಆರಿಸಿಕೊಂಡ ಡ್ರೈವಿಂಗ್ ಸ್ಕೂಲಿನ ಹೆಸರು. ಶುಲ್ಕ ಊರಿನಿಂದ ಊರಿಗೆ ಸ್ವಲ್ಪ ಬೇರೆ. ನಲವತ್ತರಿಂದ ಐವತ್ತು ಯೂರೋ ಆಸುಪಾಸು.

ಅನುವಾದವನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರು ಅಥವಾ ಎಡಿಎಸಿಯಂಥ ವಾಹನ ಸಂಘ ಮಾಡಿಕೊಟ್ಟಿರಬೇಕು. ಡಿಎಲ್ ಇಂಗ್ಲಿಷಿನಲ್ಲೇ ಇದೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಕೆಲವು ಕಚೇರಿಗಳು ಅನುವಾದ ಬೇಡ ಎನ್ನುತ್ತವೆ, ಪಕ್ಕದ ಜಿಲ್ಲೆಯದು ಬೇಕೇ ಬೇಕು ಎನ್ನುತ್ತದೆ. ಹಣ ಕೊಡುವ ಮೊದಲು ನಿಮ್ಮ ಕಚೇರಿಗೆ ಒಂದು ಇಮೇಲ್ ಬರೆದು ಕೇಳಿ.

ಕಣ್ಣಿನ ಪರೀಕ್ಷೆ ಹೆಚ್ಚಿನ ಕನ್ನಡಕದಂಗಡಿಗಳಲ್ಲಿ ಆಗುತ್ತದೆ. ದರ ಸರ್ಕಾರವೇ ಗೊತ್ತು ಮಾಡಿದ್ದು, 6.43 ಯೂರೋ. ಎರಡೂ ಕಣ್ಣಿನಲ್ಲಿ 0.7ರಷ್ಟು ದೃಷ್ಟಿ ಬೇಕು; ಕನ್ನಡಕ ಹಾಕಿಕೊಂಡು ಮಾಡಿದರೆ ಲೈಸೆನ್ಸ್ ಮೇಲೆ 01 ಎಂಬ ಸಂಕೇತ ಬೀಳುತ್ತದೆ, ಆಮೇಲೆ ಕನ್ನಡಕವಿಲ್ಲದೆ ಓಡಿಸುವಂತಿಲ್ಲ. ಪತ್ರ ಎರಡು ವರ್ಷ ನಡೆಯುತ್ತದೆ. ಪ್ರಥಮ ಚಿಕಿತ್ಸೆ ಒಂದು ದಿನದ ತರಬೇತಿ, 45 ನಿಮಿಷದ 9 ಅವಧಿ. ರೆಡ್ ಕ್ರಾಸ್, ಯೊಹಾನಿಟರ್, ಮಾಲ್ಟೀಸರ್ ಸಂಸ್ಥೆಗಳು ನಡೆಸುತ್ತವೆ. ದೊಡ್ಡ ನಗರಗಳಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ಆನ್‌ಲೈನ್ ಪ್ರಮಾಣಪತ್ರ ಒಪ್ಪುವುದಿಲ್ಲ; ನೆಲದ ಮೇಲೆ ಮಂಡಿಯೂರಿ ಗೊಂಬೆಯ ಎದೆ ಒತ್ತಲೇಬೇಕು.

ಕಾಗದಗಳು ಸರಿಯಾಗಿದ್ದರೂ ಕಚೇರಿ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಒಪ್ಪಿದ ಮೇಲೆ ಅವರು ಪರೀಕ್ಷೆಯ ಆದೇಶವನ್ನು ಪರೀಕ್ಷಾ ಸಂಸ್ಥೆಗೆ ಕಳಿಸುತ್ತಾರೆ. ರಾಜ್ಯವನ್ನು ನೋಡಿಕೊಂಡು ಅದು ಟ್ಯೂಫ್ ಅಥವಾ ಡೆಕ್ರಾ. ಆದೇಶ ಹೋದ ಮೇಲಷ್ಟೇ ಪರೀಕ್ಷೆಯ ದಿನ ಸಿಗುವುದು. ಆರು ತಿಂಗಳು ಕಳೆದ ಮೇಲೂ ಅರ್ಜಿ ಹಾಕಬಹುದು ನಿಜ, ಆದರೆ ಲೈಸೆನ್ಸ್ ಕೈಗೆ ಬರುವವರೆಗೆ ಬಸ್ಸು ರೈಲೇ ಗತಿ. ವಿಳಾಸ ನೋಂದಣಿ ಆದ ತಿಂಗಳಲ್ಲೇ ಅರ್ಜಿ ಹಾಕಿದರೆ ಆರು ತಿಂಗಳೊಳಗೆ ಮುಗಿಸಬಹುದು. ಮೂರನೇ ತಿಂಗಳಲ್ಲಿ ಏಳುವವರಿಗೆ ಕಷ್ಟ.

ಬರಹದ ಪರೀಕ್ಷೆ

ಪರೀಕ್ಷೆ ಕಂಪ್ಯೂಟರಿನಲ್ಲಿ, ಪರೀಕ್ಷಾ ಸಂಸ್ಥೆಯ ಕೇಂದ್ರದಲ್ಲೇ. ಜರ್ಮನ್ ಅಲ್ಲದೆ ಇನ್ನೂ 12 ಭಾಷೆಗಳಲ್ಲಿ ಬರೆಯಬಹುದು. ಇಂಗ್ಲಿಷ್ ಇದೆ, ಭಾರತದ ಯಾವ ಭಾಷೆಯೂ ಇಲ್ಲ. ಕಾರಿನ ವರ್ಗಕ್ಕೆ, ಅಂದರೆ ಬಿ ವರ್ಗಕ್ಕೆ, 30 ಪ್ರಶ್ನೆ. ಒಂದೊಂದು ಪ್ರಶ್ನೆಗೆ 2ರಿಂದ 5 ತಪ್ಪಂಕ. ಒಟ್ಟು 10 ತಪ್ಪಂಕದವರೆಗೆ ಪಾಸು, ಆದರೆ ಆ ಹತ್ತು ಅಂಕ ಐದಂಕದ ಎರಡು ಪ್ರಶ್ನೆಗಳಿಂದ ಬಂದಿದ್ದರೆ ನಪಾಸು. ಯಾರಿಗೆ ಮೊದಲ ಹಕ್ಕು ಎಂಬ ಕೂಡುರಸ್ತೆ ಪ್ರಶ್ನೆಗಳಿಗೆಲ್ಲ ಸಾಮಾನ್ಯವಾಗಿ ಐದಂಕ. ಉಳಿದದ್ದೆಲ್ಲ ಸರಿ ಬರೆದು ಇಂಥ ಎರಡನ್ನು ತಪ್ಪಿಸಿದವರೇ ಮತ್ತೆ ಬಂದು ಕೂರುವುದು.

ನಮ್ಮ ಎಲ್‌ಎಲ್‌ಆರ್ ಪರೀಕ್ಷೆಯ ಹಾಗೆ ಒಂದೇ ಉತ್ತರವನ್ನು ಆರಿಸುವ ಆಟ ಇದಲ್ಲ. ಕೊಟ್ಟ ಉತ್ತರಗಳಲ್ಲಿ ಒಂದು, ಎರಡು ಅಥವಾ ಮೂರೂ ಸರಿ ಇರಬಹುದು, ಸರಿಯಾದದ್ದೆಲ್ಲ ಗುರುತಾಗಬೇಕು. ಒಂದು ಬಿಟ್ಟರೂ ಇಡೀ ಪ್ರಶ್ನೆ ತಪ್ಪು. ಕೆಲವಕ್ಕೆ ಅಂಕಿಯನ್ನೇ ಬರೆಯಬೇಕು. ವೀಡಿಯೋ ಪ್ರಶ್ನೆಗಳಲ್ಲಿ ತುಣುಕನ್ನು ಐದು ಸಲ ನೋಡಬಹುದು, ಪ್ರಶ್ನೆಗೆ ಹೋದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಹೀಗಾಗಿ ಕನ್ನಡಿಯಲ್ಲಿ ಕಂಡ ಸೈಕಲ್ಲು, ನಿಂತ ಗಾಡಿಗಳ ನಡುವಿನ ಮಗು, ಬದಿಯ ಫಲಕ ಎಲ್ಲವನ್ನೂ ಮೊದಲೇ ಮನಸ್ಸಿನಲ್ಲಿ ಬರೆದುಕೊಂಡು ಮುಂದೆ ಹೋಗಿ.

ಪ್ರಶ್ನೆಗಳ ಭಂಡಾರ ಸಾವಿರಕ್ಕೂ ದೊಡ್ಡದು. ಏಪ್ರಿಲ್ 1, ಅಕ್ಟೋಬರ್ 1ರಂದು ಅದು ಹೊಸದಾಗುತ್ತದೆ. ಅಭ್ಯಾಸದ ಆ್ಯಪ್ ತೆಗೆದುಕೊಳ್ಳುವಾಗ ಪರೀಕ್ಷೆಯ ದಿನಾಂಕ ಈ ಗಡಿಯ ಯಾವ ಕಡೆ ಬೀಳುತ್ತದೆ ನೋಡಿಕೊಳ್ಳಿ. ಇಂಗ್ಲಿಷ್ ಅನುವಾದ ಕೆಲವೆಡೆ ಗಡುಸು, ಒಂದೆರಡು ಕಡೆ ಅರ್ಥವೇ ಆಗದಂತಿದೆ. ಅಂಥ ಪ್ರಶ್ನೆಗಳನ್ನು ಬಾಯಿಪಾಠ ಮಾಡುವುದೇ ಸರಿ.

ಲೆಕ್ಕಗಳು ಎರಡೇ, ಗೊತ್ತಿದ್ದರೆ ಅಂಕ ಉಚಿತ. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಗಾಡಿ ಓಡಿದ ದೂರ, ಮೀಟರಿನಲ್ಲಿ. ವೇಗವನ್ನು ಹತ್ತರಿಂದ ಭಾಗಿಸಿ ಅದನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ. 50ರಲ್ಲಿ 15 ಮತ್ತು 25, ಒಟ್ಟು 40 ಮೀಟರ್. 100ರಲ್ಲಿ 30 ಮತ್ತು 100, ಒಟ್ಟು 130. ಊರ ಹೊರಗೆ ಮುಂದಿನ ಗಾಡಿಯಿಂದ ಇರಬೇಕಾದ ಅಂತರ ವೇಗದ ಅರ್ಧ: 100ಕ್ಕೆ 50 ಮೀಟರ್. ನೈಸ್ ರಸ್ತೆಯಲ್ಲಿ ಇಷ್ಟು ಜಾಗ ಬಿಟ್ಟರೆ ಅದರಲ್ಲಿ ಇನ್ನೆರಡು ಕಾರು ನುಗ್ಗುತ್ತವೆ ಎನ್ನುವುದು ಬೇರೆ ಮಾತು.

ನಪಾಸಾದರೆ ಸಾಮಾನ್ಯವಾಗಿ ಎರಡು ವಾರ ಕಾಯಬೇಕು, ಶುಲ್ಕ ಮತ್ತೆ ಕಟ್ಟಬೇಕು; ಸುಮಾರು 25 ಯೂರೋ. ಪಾಸಾದದ್ದು ಹನ್ನೆರಡು ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಓಡಿಸುವ ಪರೀಕ್ಷೆ ಮುಗಿಯಬೇಕು.

ಓಡಿಸುವ ಪರೀಕ್ಷೆ

ಪಾಠ ಕಡ್ಡಾಯವಲ್ಲದಿದ್ದರೂ ಡ್ರೈವಿಂಗ್ ಸ್ಕೂಲು ಬೇಕೇ ಬೇಕು, ಏಕೆಂದರೆ ಪರೀಕ್ಷೆ ನಡೆಯುವುದು ಎರಡು ಜೊತೆ ಪೆಡಲ್ ಇರುವ ಶಾಲೆಯ ಕಾರಿನಲ್ಲಿ, ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿಕೊಂಡು. ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಒಟ್ಟು 55 ನಿಮಿಷ. 2021ಕ್ಕೆ ಮೊದಲು 45 ಇತ್ತು. ಶಿಕ್ಷಕರು ಬ್ರೇಕು ಒತ್ತಿದರೋ ಸ್ಟೇರಿಂಗ್ ಮುಟ್ಟಿದರೋ ಅಲ್ಲಿಗೆ ಮುಗಿಯಿತು.

ಹತ್ತು ವರ್ಷ ಸಿಲ್ಕ್ ಬೋರ್ಡ್ ದಾಟಿದವರು, ಶಿರಾಡಿ ಘಾಟಿಯಲ್ಲಿ ಮಳೆಯಲ್ಲಿ ಇಳಿದವರು ಇಲ್ಲಿ ಮೊದಲ ಸಲಕ್ಕೆ ನಪಾಸಾಗುತ್ತಾರೆ. ಗಾಡಿ ಓಡಿಸಲು ಬರುವುದಿಲ್ಲ ಎಂದಲ್ಲ. ನಮ್ಮ ಚಾಲನೆ ನಡೆಯುವುದು ಎದುರಿಗೆ ಬಂದದ್ದನ್ನು ಆ ಕ್ಷಣಕ್ಕೆ ತಪ್ಪಿಸುವುದರ ಮೇಲೆ. ಅಲ್ಲಿ ಕೇಳುವುದು ಇನ್ನೂ ಬಾರದೇ ಇರುವುದನ್ನು ನೀವು ಹುಡುಕಿದಿರಾ ಎಂದು. ಹುಡುಕಿದ್ದು ಹಿಂದೆ ಕೂತವರಿಗೆ ಕಾಣಬೇಕು. ಕಣ್ಣಷ್ಟೇ ತಿರುಗಿಸಿದರೆ ಲೆಕ್ಕಕ್ಕಿಲ್ಲ, ತಲೆ ತಿರುಗಬೇಕು.

ಹಲವರು ನಪಾಸಾಗುವುದು ಶುಲ್ಟರ್‌ಬ್ಲಿಕ್ ಎಂಬ ಹೆಗಲ ಮೇಲಿನ ನೋಟದಲ್ಲಿ. ಲೇನ್ ಬದಲಿಸುವ ಮುಂಚೆ, ಬದಿಯಿಂದ ಹೊರಡುವ ಮುಂಚೆ, ಎಡಕ್ಕೋ ಬಲಕ್ಕೋ ತಿರುಗುವ ಮುಂಚೆ ಒಳಗನ್ನಡಿ, ಹೊರಗನ್ನಡಿ, ಇಂಡಿಕೇಟರ್, ಆಮೇಲೆ ಆ ಬದಿಯ ಹೆಗಲ ಮೇಲಿಂದ ಹಿಂದಕ್ಕೆ ಒಂದು ನೋಟ. ಬಲಕ್ಕೆ ತಿರುಗುವಾಗ ಇದನ್ನು ಬಿಟ್ಟರೆ ಕ್ಷಮೆಯೇ ಇಲ್ಲ: ಬಲಬದಿಯ ಸೈಕಲ್ ದಾರಿಯಲ್ಲಿ ನೇರ ಹೋಗುವವರಿಗೆ ನಿಮಗಿಂತ ಮೊದಲ ಹಕ್ಕು, ಅವರು ಕನ್ನಡಿಗೆ ಕಾಣದ ಜಾಗದಲ್ಲೇ ಇರುತ್ತಾರೆ.

ಎರಡನೆಯದು ರೆಖ್ಟ್ಸ್ ಫೋರ್ ಲಿಂಕ್ಸ್: ಫಲಕವಾಗಲಿ ಸಿಗ್ನಲ್ ಆಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ನಿಮ್ಮದು ಅಗಲ ರಸ್ತೆ, ಅವರದು ಓಣಿ ಎಂಬ ಲೆಕ್ಕವಿಲ್ಲ. ಬರುತ್ತಿರುವುದು ಸೈಕಲ್ಲಾದರೂ ಅದೇ. ಗಂಟೆಗೆ 30 ಕಿಲೋಮೀಟರ್ ಮಿತಿಯ ವಲಯಗಳಲ್ಲಿ ಐವತ್ತು ಮೀಟರಿಗೊಂದು ಇಂಥ ಓಣಿ ಸಿಗುತ್ತದೆ, ಪರೀಕ್ಷಕರು ಬೇಕೆಂದೇ ಅಲ್ಲಿಗೆ ಕರೆದೊಯ್ಯುತ್ತಾರೆ. ಪ್ರತಿ ಓಣಿಯ ಬಾಯಿಗೆ ಬರುವ ಮೊದಲೇ ಆಕ್ಸಿಲರೇಟರಿನಿಂದ ಕಾಲೆತ್ತಿ, ಬಲಕ್ಕೆ ತಲೆ ತಿರುಗಿಸಿ ನೋಡಿ. ಯಾರೂ ಬರದಿದ್ದರೂ ನೋಡದೆ ದಾಟಿದ್ದು ತಪ್ಪೇ. ವಿನಾಯಿತಿಗಳನ್ನೂ ತಿಳಿದಿರಬೇಕು: ಹೊಲದ ದಾರಿಯಿಂದ, ಫುಟ್‌ಪಾತಿನ ತಗ್ಗಿಸಿದ ಕಲ್ಲಂಚು ದಾಟಿ, ಮಕ್ಕಳಾಡುವ ನಡಿಗೆ ವೇಗದ ಬೀದಿಯಿಂದ ಹೊರಬರುವವರಿಗೆ ಈ ಹಕ್ಕಿಲ್ಲ. ಅಂಥವರಿಗಾಗಿ ಸುಮ್ಮನೆ ನಿಂತರೆ ಅದನ್ನೂ ಬರೆದುಕೊಳ್ಳುತ್ತಾರೆ. ಹಳದಿ ವಜ್ರದಾಕಾರದ ಫಲಕ ಕಂಡರೆ ನಿಮ್ಮದೇ ಮುಖ್ಯರಸ್ತೆ, ಅದರ ಮೇಲೆ ಗೆರೆ ಎಳೆದದ್ದು ಕಂಡರೆ ಹಕ್ಕು ಅಲ್ಲಿಗೆ ಮುಗಿಯಿತು.

ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ಗೆರೆಯ ಹತ್ತಿರ. ಒಳಗೊಳಗೇ ಮೂರು ಎಣಿಸಿ. ಸಿಗ್ನಲ್ ಪಕ್ಕದ ಹಸಿರು ಬಾಣದ ತಗಡು ಕಂಡರೆ ಫ್ರೀ ಲೆಫ್ಟ್‌ನಂತೆ ನುಗ್ಗಬೇಡಿ: ಕೆಂಪಿದ್ದಾಗ ಮೊದಲು ನಿಂತು, ಆಮೇಲೆ ಬಲಕ್ಕೆ. ವೃತ್ತಕ್ಕೆ ಒಳಹೋಗುವಾಗ ಇಂಡಿಕೇಟರ್ ಇಲ್ಲ, ಹೊರಬರುವಾಗ ಉಂಟು. ಸೈಕಲ್ಲನ್ನು ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಹೊರಗೆ ಎರಡು ಮೀಟರ್ ಅಂತರ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ಹೋಗಿ. ಎಮರ್ಜೆನ್ಸಿ ದೀಪ ಮಿನುಗಿಸುತ್ತ ಸ್ಟಾಪಿನಲ್ಲಿ ನಿಂತ ಬಸ್ಸಿನ ಪಕ್ಕ ನಡಿಗೆಯ ವೇಗ, ಎದುರು ದಿಕ್ಕಿನಿಂದ ಬರುವವರಿಗೂ.

ನಿಧಾನವೂ ತಪ್ಪು. ಊರ ಹೊರಗೆ 100 ಬಿಟ್ಟಿರುವ ಕಡೆ ಕಾರಣವಿಲ್ಲದೆ 70ರಲ್ಲಿ ತೆವಳಿದರೆ ಟಿಪ್ಪಣಿ ಬೀಳುತ್ತದೆ. ಔಟೋಬಾನ್ ಸೇರುವಾಗ ಪಕ್ಕದ ಪಟ್ಟಿಯಲ್ಲೇ ವೇಗ ಏರಿಸಿಕೊಂಡು, ಕನ್ನಡಿ, ಇಂಡಿಕೇಟರ್, ಹೆಗಲ ನೋಟ ಮುಗಿಸಿ ಒಳಸೇರಬೇಕು. ಪಟ್ಟಿಯ ಕೊನೆಯಲ್ಲಿ ಹೆದರಿ ನಿಂತುಬಿಡುವುದು ಪರೀಕ್ಷೆಗೂ ಜೀವಕ್ಕೂ ಕೆಟ್ಟದ್ದು. ಸೇರಿದ ಮೇಲೆ ಬಲ ಲೇನಿನಲ್ಲೇ ಇರಿ, ಬಲಗಡೆಯಿಂದ ಓವರ್‌ಟೇಕ್ ಇಲ್ಲ. ಗಾಡಿಗಳು ಸಾಲುಗಟ್ಟಿದ ಕೂಡಲೇ ಎಡತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ಸೈರನ್ ಕೇಳುವವರೆಗೆ ಕಾಯುವಂತಿಲ್ಲ.

ಕೈಗೆ ಅಂಟಿದ ಅಭ್ಯಾಸಗಳು ಇನ್ನೊಂದು ಬಗೆಯ ಕಾಟ. ಮಾರುತಿ, ಹ್ಯುಂಡೈ ಓಡಿಸಿದವರಿಗೆ ಇಂಡಿಕೇಟರ್ ಬಲಗೈಯಲ್ಲಿ. ಅಲ್ಲಿ ಅದು ಎಡಗೈಯಲ್ಲಿ. ಮೊದಲ ವಾರ ಪ್ರತಿ ತಿರುವಿಗೂ ಒಣ ಗಾಜಿನ ಮೇಲೆ ವೈಪರ್ ಆಡುತ್ತದೆ. ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ 'ನಾನು ಬರ್ತಿದೀನಿ, ನಿಲ್ಲು' ಎಂದು, ಅಲ್ಲಿಯ ಚಾಲಕರು ಸಾಮಾನ್ಯವಾಗಿ 'ನೀವು ಹೋಗಿ' ಎಂದು ಓದಿಕೊಳ್ಳುತ್ತಾರೆ. ಅರ್ಧ ಕ್ಲಚ್ಚಿನಲ್ಲಿ ಉರುಳುವುದು, ಗೇರಿನ ಮೇಲೇ ಕೈಯಿಟ್ಟು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿಯುವುದು, ಹಾರ್ನು, ಎಲ್ಲವನ್ನೂ ಬಿಡಿಸಲು ಶಿಕ್ಷಕರಿಗೆ ಪಾಠಗಳು ಬೇಕು. ಎಡಬದಿ ಚಾಲನೆ ಮರೆತು ಬಲಬದಿಗೆ ಒಗ್ಗುವುದು ದಟ್ಟಣೆಯಲ್ಲಿ ಕಷ್ಟವಲ್ಲ, ಮುಂದಿನ ಗಾಡಿ ದಾರಿ ತೋರಿಸುತ್ತದೆ. ಅಪಾಯ ಇರುವುದು ಪೆಟ್ರೋಲ್ ಬಂಕಿನಿಂದ ಹೊರಬಂದು ಖಾಲಿ ರಸ್ತೆಗೆ ಎಡಕ್ಕೆ ತಿರುಗುವಾಗ. ಅನುಭವಸ್ಥರಿಗೂ ಹತ್ತರ ಸುತ್ತಮುತ್ತ ಪಾಠ ಬೇಕೆಂಬುದು ನಮ್ಮ ಅಂದಾಜು. ಎರಡೇ ಸಾಕು ಎನ್ನುವವರು ಉಳಿಸಿದ ಹಣವನ್ನು ಎರಡನೇ ಪರೀಕ್ಷೆಗೆ ಕೊಡುತ್ತಾರೆ.

ಪರೀಕ್ಷೆಯ ಭಾಷೆ ಜರ್ಮನ್. ಪರೀಕ್ಷಕರು ಇಂಗ್ಲಿಷಿನಲ್ಲಿ ಹೇಳಿದರೆ ಅವರ ದೊಡ್ಡತನ, ನಿಮ್ಮ ಹಕ್ಕಲ್ಲ. ಬೇಕಾದ ಮಾತುಗಳು ಕಡಿಮೆ: ಲಿಂಕ್ಸ್ ಎಂದರೆ ಎಡ, ರೆಖ್ಟ್ಸ್ ಬಲ, ಗೆರಾಡೆಔಸ್ ನೇರ, ಆಬ್‌ಬೀಗನ್ ತಿರುಗುವುದು, ವೆಂಡನ್ ಯು ಟರ್ನ್, ಆನ್‌ಹಾಲ್ಟನ್ ನಿಲ್ಲಿಸುವುದು, ಕ್ರೈಸ್‌ಫೆರ್ಕೇರ್ ವೃತ್ತ, ಔಸ್‌ಫಾರ್ಟ್ ಹೊರದಾರಿ, ಐನ್‌ಪಾರ್ಕನ್ ಪಾರ್ಕ್ ಮಾಡುವುದು. ಪಾಠದ ಮೊದಲ ದಿನದಿಂದಲೇ ಶಿಕ್ಷಕರಿಗೆ ಜರ್ಮನ್‌ನಲ್ಲೇ ಹೇಳಲು ಕೇಳಿ. ಎಡವೋ ಬಲವೋ ತಪ್ಪಿ ತಿರುಗಿದರೆ ಅದರಿಂದ ನಪಾಸಾಗುವುದಿಲ್ಲ. ಗಾಬರಿಯಲ್ಲಿ ಕೊನೇ ಗಳಿಗೆಗೆ ಲೇನ್ ಹಾರಿದರೆ ಆಗುತ್ತೀರಿ.

ಹೊರಡುವ ಮೊದಲು ಗಾಡಿಯ ಬಗ್ಗೆ ಒಂದೆರಡು ಪ್ರಶ್ನೆ ಬರಬಹುದು: ಟೈರಿನ ಗೆರೆ ಕನಿಷ್ಠ ಎಷ್ಟು ಆಳ (1.6 ಮಿಲಿಮೀಟರ್), ಎಂಜಿನ್ ಆಯಿಲ್ ಎಲ್ಲಿ ನೋಡುವುದು, ಹಿಂದಿನ ಮಂಜುದೀಪ ಹಾಕಿ ತೋರಿಸಿ. ದಾರಿಯಲ್ಲಿ ರಿವರ್ಸ್ ಪಾರ್ಕಿಂಗ್, ಗಾಡಿ ತಿರುಗಿಸುವುದು, ಗಕ್ಕನೆ ಪೂರ್ತಿ ಬ್ರೇಕ್ ಹಿಡಿಯುವುದು, ಇಂಥ ಕೆಲಸಗಳಲ್ಲಿ ಎರಡನ್ನು ಮಾಡಿಸುತ್ತಾರೆ. ಎಂಟು ಹಾಕುವುದಿಲ್ಲ. ಪಾರ್ಕಿಂಗ್ ಮೊದಲ ಯತ್ನಕ್ಕೆ ಕೂರದಿದ್ದರೆ ತಿದ್ದಿಕೊಳ್ಳಬಹುದು, ಆದರೆ ಹಿಂದಕ್ಕೆ ಹೋಗುವಷ್ಟು ಹೊತ್ತೂ ತಲೆ ಹಿಂದಿನ ಗಾಜಿನ ಕಡೆ ಇರಲಿ. ಕ್ಯಾಮೆರಾ ಪರದೆಯನ್ನೇ ನೋಡುತ್ತ ಕೂರುವುದು ಬೇಡ.

ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಕಾರ್ಡಿನಲ್ಲಿ 78 ಎಂಬ ಸಂಕೇತ ಬರುತ್ತದೆ, ಗೇರಿನ ಕಾರು ಓಡಿಸುವಂತಿಲ್ಲ. ಗೇರಿನ ಕಾರಿನಲ್ಲಿ ಕನಿಷ್ಠ 10 ಪಾಠ, ಶಾಲೆಯವರೇ ತೆಗೆದುಕೊಳ್ಳುವ ಕನಿಷ್ಠ 15 ನಿಮಿಷದ ಪರೀಕ್ಷೆ ಮುಗಿಸಿದರೆ 197 ಎಂಬ ಸಂಕೇತದೊಂದಿಗೆ ಎರಡಕ್ಕೂ ಅವಕಾಶವಿದೆ. ಗೇರಿನಲ್ಲೇ ಕಲಿತ ನಮಗೆ ಗೇರಿನ ಕಾರಿನಲ್ಲೇ ಪರೀಕ್ಷೆ ಕೊಡುವುದು ಅಗ್ಗ.

ಪರೀಕ್ಷಾ ಸಂಸ್ಥೆಯ ಶುಲ್ಕ ಸುಮಾರು 130 ಯೂರೋ. ಶಾಲೆಯವರು ಪರೀಕ್ಷೆಗೆ ಕಾರು ತಂದದ್ದಕ್ಕೆ ಬೇರೆ ಹಾಕುತ್ತಾರೆ, ಅದು ಇದಕ್ಕಿಂತ ಹೆಚ್ಚಿರುವುದೂ ಉಂಟು. ದರಪಟ್ಟಿಯಲ್ಲಿ ಪಾಠದ ದರವನ್ನಷ್ಟೇ ನೋಡಿ ಶಾಲೆ ಆರಿಸಿದವರು ಬೇಸ್ತು ಬೀಳುವುದು ಈ ಸಾಲಿನಲ್ಲಿ.

ಕಾರ್ಡು ಕೈಗೆ

ಪಾಸಾದರೆ ಕಾರ್ಡು ಅಲ್ಲೇ ಸಿಗಬಹುದು, ಅಥವಾ ಕಚೇರಿಗೆ ಹೋಗಿ ಪಡೆಯಬೇಕು. ಭಾರತದ ಡಿಎಲ್ ಒಪ್ಪಿಸಿದ ಮೇಲಷ್ಟೇ ಜರ್ಮನ್ ಕಾರ್ಡು ಕೊಡುತ್ತಾರೆ, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಡಿಎಲ್‌ನ ಎರಡೂ ಬದಿಯ ಬಣ್ಣದ ಸ್ಕ್ಯಾನ್ ಮೊದಲೇ ಮಾಡಿಟ್ಟುಕೊಳ್ಳಿ, ಡಿಎಲ್ಲನ್ನು ಡಿಜಿಲಾಕರ್‌ಗೂ ತರಿಸಿಕೊಳ್ಳಿ. ರಜೆಗೆ ಊರಿಗೆ ಬಂದಾಗ ಡಿಜಿಲಾಕರ್‌ನ ಪ್ರತಿಯನ್ನು ಮೂಲ ಕಾರ್ಡಿನಂತೆ ತೋರಿಸಬಹುದು ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಆದರೆ ಅದಕ್ಕೆ ಹೊಂದಿಸಿದ ಮೊಬೈಲ್ ನಂಬರು ಜೀವಂತವಾಗಿರಬೇಕು. ಭಾರತದ ಸಿಮ್ ರೀಚಾರ್ಜ್ ಮಾಡುತ್ತಿರಿ.

ಕಾರ್ಡಿನ ಅವಧಿ 15 ವರ್ಷ. ಆಮೇಲೆ ಪ್ಲಾಸ್ಟಿಕ್ ಬದಲಾಗುತ್ತದೆ, ಪರೀಕ್ಷೆ ಮತ್ತೆ ಇಲ್ಲ. ಬಿ ವರ್ಗದಲ್ಲಿ ಮೂರೂವರೆ ಟನ್ ತೂಕದವರೆಗಿನ, ಚಾಲಕರನ್ನು ಬಿಟ್ಟು ಎಂಟು ಸೀಟಿನ ಗಾಡಿ ಓಡಿಸಬಹುದು. ಅದರಲ್ಲಿ ಬೈಕು ಸೇರಿಲ್ಲ. ಭಾರತದ ಡಿಎಲ್‌ನಲ್ಲಿ ಗೇರಿನ ಬೈಕಿನ ವರ್ಗವೂ ಇದ್ದರೆ ಅದಕ್ಕೆ ಪರೀಕ್ಷೆಗಳು ಬೇರೆಯೇ ಇವೆ. ಬೇಕೆಂದಿದ್ದರೆ ಕಾರಿನ ಅರ್ಜಿ ಹಾಕುವಾಗಲೇ ಅದನ್ನೂ ಬರೆಸಿ. ಡಿಎಲ್ ಒಮ್ಮೆ ಕಚೇರಿಯ ಕಪಾಟು ಸೇರಿದ ಮೇಲೆ ಹಿಂದಕ್ಕೆ ತೆಗೆಸಿ ತೋರಿಸುವುದು ತಲೆನೋವು.